ಸ್ಟೇಷನರಿ ಅಂಗಡಿಯ ಬಣ್ಣದಲ್ಲಿ ಮಿನಿಯೇಚರ್: ಎರಡೂವರೆ ವರ್ಷ ಬಳಸಿದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಆಡುವ ಕಥೆಯಾಟ. ಅದನ್ನು ಆಡುವ ನಮ್ಮ ಐದು ಜನರ ಗುಂಪಿನಲ್ಲಿ ಪಾತ್ರಗಳ ಪುಟ್ಟ ಬೊಂಬೆಗಳಿಗೆ, ಅಂದರೆ ಮಿನಿಯೇಚರ್‌ಗಳಿಗೆ, ಬಣ್ಣ ಹಚ್ಚುವ ಕೆಲಸ ನನ್ನ ತಲೆಗೆ ಬಿತ್ತು. ಶಾಲೆಯಲ್ಲಿ ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದೆ ಅನ್ನೋದೊಂದೇ ಕಾರಣ. ಎರಡೂವರೆ ವರ್ಷದಲ್ಲಿ 47 ಬೊಂಬೆ ಮುಗಿಸಿದ್ದೇನೆ. ಒಂದೊಂದೂ ಸುಮಾರು 28 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ.

ಶುರು ಮಾಡುವಾಗ ಈ ಬೊಂಬೆಗಳಿಗೆಂದೇ ಮಾಡುವ ಬಣ್ಣಗಳ ಬೆಲೆ ವಿಚಾರಿಸಿ ಸುಮ್ಮನಾಗಿದ್ದೆ. ಸ್ಪೇನಿನ ವಯೆಹೋ, ಬ್ರಿಟನ್ನಿನ ಸಿಟಡೆಲ್, ಡೆನ್ಮಾರ್ಕಿನ ಆರ್ಮಿ ಪೇಂಟರ್, ಎಲ್ಲವೂ ಹೊರಗಿಂದ ಬರುವ ಮಾಲು. ಹೆಬ್ಬೆರಳಷ್ಟು ಬಾಟಲಿಗೆ ಮುನ್ನೂರರ ಆಸುಪಾಸು ಕೇಳಿದರು. ಹತ್ತು ಬಣ್ಣ ಅಂದರೆ ಮೂರು ಸಾವಿರ! ಅದನ್ನು ಬಿಟ್ಟು ಮನೆ ಹತ್ತಿರದ ಸ್ಟೇಷನರಿ ಅಂಗಡಿಯಿಂದ ಹನ್ನೆರಡು ಆಕ್ರಿಲಿಕ್ ಬಾಟಲಿಗಳ ಸೆಟ್ ತಂದೆ. ನಾಲ್ಕು ನೂರು ರೂಪಾಯಿಯೂ ಆಗಲಿಲ್ಲ. ಈ ವಿಮರ್ಶೆ ಆ ಸೆಟ್‌ದು. ಈ ಬೆಲೆಯ ಬೇರೆ ಸೆಟ್‌ಗಳನ್ನೂ ಆಮೇಲೆ ಗೆಳೆಯರ ಮನೆಯಲ್ಲಿ ಬಳಸಿ ನೋಡಿದೆ, ಎಲ್ಲ ಹೆಚ್ಚುಕಮ್ಮಿ ಒಂದೇ.

ಬಾಟಲಿಯಿಂದ ಬರುವಾಗ ಈ ಬಣ್ಣ ದೋಸೆ ಹಿಟ್ಟಿನ ಹಾಗಿರುತ್ತದೆ. ನಾನು ಮೊದಲ ಬೊಂಬೆಗೆ, ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸನಿಗೆ, ಹಾಗೇ ಬಳಿದೆ. ಕಣ್ಣು, ಮೂಗು, ಬೆರಳು ಎಲ್ಲ ಮುಚ್ಚಿಹೋಗಿ ಹಸಿರು ಬಜ್ಜಿಯಾಯಿತು. ನೀರು ಬೆರೆಸಿ ನೀರುಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು ಕೋಟ್ ಕೊಡಬೇಕು. ದುಬಾರಿ ಬಣ್ಣದಲ್ಲಿ ಪಿಗ್ಮೆಂಟ್, ಅಂದರೆ ಬಣ್ಣದ ಪುಡಿ, ಸಣ್ಣಗೆ ಅರೆದಿರುತ್ತದೆ, ಜಾಸ್ತಿಯೂ ಇರುತ್ತದೆ. ಅದಕ್ಕೇ ಎರಡು ಕೋಟ್‌ನಲ್ಲಿ ಮುಗಿಯುತ್ತದೆ. ಇದಕ್ಕೆ ಮೂರು, ಕೆಲವೊಮ್ಮೆ ನಾಲ್ಕು ಬೇಕು. ಕಂದು, ಕಡು ಹಸಿರು, ಕಪ್ಪು, ನೀಲಿಯಲ್ಲಿ ಆ ವ್ಯತ್ಯಾಸ ನನಗೆ ಅಷ್ಟಾಗಿ ಗೊತ್ತಾಗಲೇ ಇಲ್ಲ. ಚರ್ಮದ ಬೆಲ್ಟು, ಮರದ ಬಿಲ್ಲು, ಕಂಬಳಿ, ಬೂಟು ಇವೆಲ್ಲ ಇವತ್ತಿಗೂ ಅದೇ ಸೆಟ್ಟಿನ ಬಣ್ಣದಲ್ಲೇ ಆಗುತ್ತಿವೆ.

ಸೋತಿದ್ದು ಬಿಳಿ, ಹಳದಿ, ಬೆಳ್ಳಿ, ಈ ಮೂರರಲ್ಲಿ. ಬಿಳಿ ಐದು ಕೋಟ್ ಹಾಕಿದರೂ ಸುಣ್ಣ ಬಳಿದ ಗೋಡೆಯ ಹಾಗೆ ಗೆರೆಗೆರೆ. ಹಳದಿ ಕಪ್ಪಿನ ಮೇಲೆ ಕೂರುವುದೇ ಇಲ್ಲ. ಕೆಳಗೆ ಮೊದಲು ತಿಳಿ ಕಂದು ಅಥವಾ ಗುಲಾಬಿ ಹಚ್ಚಿದರೆ ಪರವಾಗಿಲ್ಲ, ಒಪ್ಪಿಕೊಳ್ಳುತ್ತದೆ. ಬೆಳ್ಳಿಯಲ್ಲಂತೂ ಮಿನುಗು ದಪ್ಪ ದಪ್ಪ ಕಾಣುತ್ತದೆ. ಕತ್ತಿಗೆ ಹಚ್ಚಿದರೆ ಮದುವೆ ಕಾರ್ಡಿನ ಜರಿ ಅಂಟಿಸಿದ ಹಾಗೆ. ಆರು ತಿಂಗಳು ಒದ್ದಾಡಿ ಕೊನೆಗೆ ಹೊರಗಿನ ಬಿಳಿ ಒಂದು, ಬೆಳ್ಳಿ ಒಂದು, ಕಂದು ವಾಶ್ ಒಂದು ತರಿಸಿದೆ. ವಾಶ್ ಅಂದರೆ ತೀರಾ ತೆಳುವಾದ ಕಡು ಬಣ್ಣ. ಮೇಲೆ ಹರಿಬಿಟ್ಟರೆ ತಾನಾಗಿಯೇ ಮಡಿಕೆ, ಸಂದುಗಳಿಗೆ ಇಳಿದು ನೆರಳು ಮೂಡಿಸುತ್ತದೆ. ನನ್ನ ಬೊಂಬೆಗಳು ನೋಡುವ ಹಾಗಾಗಿದ್ದು ಆ ಬಾಟಲಿ ಬಂದ ಮೇಲೆ. ಇಷ್ಟು ದಿನ ಯಾಕೆ ಜಿಪುಣತನ ಮಾಡಿದೆ ಅಂತ ಅನಿಸಿದ್ದು ಅದೊಂದರ ವಿಷಯದಲ್ಲಿ ಮಾತ್ರ.

ಒಂದು ಎಚ್ಚರಿಕೆ. ಅದೇ ಕಪಾಟಿನಲ್ಲಿ ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಕಲರ್ ಕೂಡ ಇರುತ್ತದೆ, ಬಾಟಲಿಯೂ ಹೆಚ್ಚುಕಮ್ಮಿ ಒಂದೇ ಥರ. ಒಣಗಿದ ಮೇಲೂ ಅದು ರಬ್ಬರಿನ ಹಾಗೆ ಮೆತ್ತಗೇ ಇದ್ದು, ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ. ಲೇಬಲ್ ಓದಿ ತನ್ನಿ.

ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಕೊಡುವ ಕೋಟ್, ಇಲ್ಲದೆ ಯಾವ ಬಣ್ಣವೂ ನಿಲ್ಲಲ್ಲ. ಬೊಂಬೆಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ ಒಣಗಿಸಬೇಕು, ಅಚ್ಚಿನ ಜಿಡ್ಡು ಹೋಗಲಿ ಅಂತ. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮ್ಯಾಟ್ ಸ್ಪ್ರೇ ಪ್ರೈಮರ್ ಸಾಕು. ಆದರೆ ಮಳೆಗಾಲದಲ್ಲಿ ಬೇಡ. ಜುಲೈನ ಒಂದು ಸಂಜೆ, ಮಳೆ ನಿಂತಿತಲ್ಲ ಅಂತ ತಾರಸಿಗೆ ಹೋಗಿ ಹೊಡೆದೆ. ಗಾಳಿಯಲ್ಲಿ ತೇವ ತುಂಬಿತ್ತು. ಆರು ಬೊಂಬೆಗಳ ಮೈಯೆಲ್ಲ ಸಣ್ಣ ರವೆ ಉದುರಿಸಿದ ಹಾಗೆ ತರಿತರಿಯಾಯಿತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರಕಲೆ ಸಾಮಾನಿನ ಅಂಗಡಿಯ ಜೆಸ್ಸೋವನ್ನು, ಅಂದರೆ ಕ್ಯಾನ್ವಾಸಿಗೆ ಮೊದಲು ಬಳಿಯುವ ಲೇಪವನ್ನು, ತೆಳ್ಳಗೆ ಮಾಡಿ ಬ್ರಷ್‌ನಲ್ಲೇ ಹಚ್ಚುತ್ತೇನೆ. ಹಚ್ಚಿದಾಗ ದಪ್ಪ ಕಂಡರೂ ಒಣಗುತ್ತ ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಬ್ರಷ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬೊಂಬೆ ಚಿಕ್ಕದು ಅಂತ 000 ನಂಬರಿನದು ತಂದೆ. ಕೂದಲಲ್ಲಿ ನಿಲ್ಲುವ ಬಣ್ಣ ಎಷ್ಟು ಕಡಿಮೆ ಅಂದರೆ, ಬೊಂಬೆಯ ಕಣ್ಣಿನ ಹತ್ತಿರ ಒಯ್ಯುವಷ್ಟರಲ್ಲಿ ತುದಿಯಲ್ಲೇ ಒಣಗಿರುತ್ತದೆ. ಬೇಕಾಗಿರುವುದು ಚೂಪು ತುದಿ, ಸಣ್ಣ ನಂಬರ್ ಅಲ್ಲ. ಈಗ 1 ನಂಬರಿನ ದುಂಡು ಸಿಂಥೆಟಿಕ್ ಬ್ರಷ್‌ನಲ್ಲಿ ಕಣ್ಣೂ ಬರೆಯುತ್ತೇನೆ. ನಾಲ್ಕೈದು ತಿಂಗಳಿಗೆ ತುದಿ ಕೊಕ್ಕೆಯಂತೆ ಬಾಗುತ್ತದೆ, ಅದನ್ನು ವಾಶ್‌ಗೆ ಇಟ್ಟುಕೊಂಡು ಹೊಸದು ತರುತ್ತೇನೆ. ಡ್ರೈಬ್ರಷ್ ಮಾಡಲು, ಅಂದರೆ ಬ್ರಷ್‌ನ ಬಣ್ಣವನ್ನು ಬಹುಪಾಲು ಒರೆಸಿ ಉಬ್ಬಿದ ಭಾಗಗಳ ಮೇಲೆ ಹಗುರವಾಗಿ ಸವರಲು, ಫ್ಯಾನ್ಸಿ ಸ್ಟೋರಿನ ಮೇಕಪ್ ಬ್ರಷ್‌ಗಿಂತ ಒಳ್ಳೆಯದು ಬೇಡವೇ ಬೇಡ. ಯಾರಾದರೂ ಮುಂಗುಸಿ ಕೂದಲಿನ ಬ್ರಷ್ ಸೊಗಸಾಗಿದೆ ಅಂತ ತೋರಿಸಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಅದರ ಹಿಂದೆ ಸತ್ತ ಮುಂಗುಸಿಗಳಿವೆ ಅನ್ನೋದು ಬೇರೆ.

ಬಣ್ಣ ಒಣಗದಂತೆ ಇಡುವ ತಟ್ಟೆ, ಅಂದರೆ ವೆಟ್ ಪ್ಯಾಲೆಟ್, ಮನೆಯಲ್ಲೇ ಆಗುತ್ತದೆ. ಚಪ್ಪಟೆ ಡಬ್ಬಿ, ಅದರಲ್ಲಿ ನೆನೆಸಿದ ಸ್ಪಾಂಜ್, ಮೇಲೆ ಬೇಕಿಂಗ್ ಪೇಪರ್, ಅಷ್ಟೇ. ಮುಚ್ಚಿಟ್ಟರೆ ಮರುದಿನವೂ ಬಣ್ಣ ಹಸಿಯಾಗಿರುತ್ತದೆ. ಮೇಣ ಹಚ್ಚಿದ ಕಾಗದ ಬೇಡ, ನೀರು ಮೇಲೆ ಬರುವುದಿಲ್ಲ. ವಾರ ಬಿಟ್ಟರೆ ಬೂಷ್ಟು ಹಿಡಿದು ನಾರುತ್ತದೆ. ಒಳಗೆ ತಾಮ್ರದ ಚೂರು ಇಟ್ಟರೆ ಬೂಷ್ಟು ಬರಲ್ಲ ಅಂತಾರೆ. ನಾನು ದೇವರಮನೆಯ ಉದ್ಧರಣೆ ಕಡೆ ನೋಡಿದೆ. ಅಮ್ಮ ನನ್ನ ಕಡೆ ನೋಡಿದರು. ಈಗ ಎರಡು ದಿನಕ್ಕೊಮ್ಮೆ ನೀರು ಬದಲಾಯಿಸುತ್ತೇನೆ.

ಬಾಳಿಕೆ ಬಗ್ಗೆ ನನಗೂ ಅನುಮಾನ ಇತ್ತು. ಆಟದಲ್ಲಿ ಬೊಂಬೆ ಹಿಡಿಯುವವರ ಕೈಯಲ್ಲಿ ಚಿಪ್ಸ್ ಎಣ್ಣೆ ಇದ್ದೇ ಇರುತ್ತದೆ, ಅಲ್ವಾ? ಬಣ್ಣದ ಮೇಲೆ ಮ್ಯಾಟ್ ವಾರ್ನಿಶ್, ಅಂದರೆ ಹೊಳಪಿಲ್ಲದ ವಾರ್ನಿಶ್, ಹಾಕಿದವು ಹಾಗೇ ಇವೆ, ಅಗ್ಗದ ಬಣ್ಣದ ಪ್ಲಾಸ್ಟಿಕ್ ಹೊಳಪೂ ಅದರಿಂದ ಹೋಗುತ್ತದೆ. ವಾರ್ನಿಶ್ ಹಾಕದ ಮೊದಲ ಎಂಟರಲ್ಲಿ ಮೂಗು, ಮೊಣಕೈ, ಕತ್ತಿಯ ತುದಿ ಸವೆದು ಬೂದು ಪ್ಲಾಸ್ಟಿಕ್ ಇಣುಕುತ್ತಿದೆ. ಆ ಹಸಿರು ಬಜ್ಜಿ ಗಾಬ್ಲಿನ್ ಮಾತ್ರ ಏನೂ ಆಗದೆ ಕೂತಿದೆ, ಅಷ್ಟು ದಪ್ಪ ಬಳಿದಿದ್ದೆ.

ಇದುವರೆಗೆ ಬೊಂಬೆ ಬಿಟ್ಟು ಉಳಿದದ್ದಕ್ಕೆಲ್ಲ ಎರಡೂವರೆ ಸಾವಿರದ ಒಳಗೇ ಆಗಿದೆ. ಹೊರಗಿನ ಬಿಳಿಯ ಎರಡನೇ ಬಾಟಲಿ ತಳ ಕಂಡಿದೆ, ಮೂರನೆಯದಕ್ಕೆ ಹೇಳಿದ್ದೇನೆ. ನಾಲ್ಕು ನೂರರ ಸೆಟ್ಟಿನ ಕಂದು ಬಣ್ಣ ಇನ್ನೂ ಅರ್ಧ ಬಾಟಲಿ ಇದೆ.