ಗಾಡಿಯಲ್ಲೇ ಸಂಸಾರ, ವಿಳಾಸ ಯಾರ ಮನೆಯದು?

ಭತ್ತ ಕೊಯ್ಯೋ ಮಷಿನ್ ರಿಪೇರಿ ನನ್ನ ಕೆಲಸ. ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆ ಕೊಯ್ಲು ಮುಗಿದರೆ ಮಷಿನ್‌ಗಳ ಬೆನ್ನು ಹತ್ತಿ ತೆಲಂಗಾಣ, ಅಲ್ಲಿಂದ ತಮಿಳುನಾಡು. ಮಗಳು ಹಾಸ್ಟೆಲ್ ಸೇರಿದ ಮೇಲೆ ಹೆಂಡತಿಯೂ ಜೊತೆಗೆ ಹೊರಟಳು. ಪಿಕಪ್ ಗಾಡಿಗೆ ತಾಡಪತ್ರಿ ಹೊದಿಸಿದೆವು. ಒಳಗೆ ಅರ್ಧ ಬೆಲ್ಟು, ಬೇರಿಂಗು. ಇನ್ನರ್ಧ ಹಾಸಿಗೆ, ಸ್ಟೌ. ಬಳ್ಳಾರಿಯ ಬಾಡಿಗೆ ಮನೆ ಖಾಲಿ ಮಾಡಿದ್ದು 2023ರಲ್ಲಿ. ಸಾಮಾನು ಖಾಲಿ ಮಾಡೋಕೆ ಒಂದು ದಿನ ಸಾಕಾಯ್ತು. ಆ ವಿಳಾಸವನ್ನು ನಮ್ಮ ಕಾಗದಗಳಿಂದ ಖಾಲಿ ಮಾಡೋಕೆ ಎರಡು ವರ್ಷ ಬೇಕಾಯ್ತು.

ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗ ಒಂದು ಕತೆ ಹೇಳಿದ. ಅಮೆರಿಕದಲ್ಲಿ ಗಾಡಿಯಲ್ಲೇ ಬದುಕೋರು ಸೌತ್ ಡಕೋಟ ರಾಜ್ಯಕ್ಕೆ ಹೋಗಿ ಒಂದು ರಾತ್ರಿ ತಂಗಿ, ಆ ರಸೀದಿಯನ್ನೂ ಅಲ್ಲಿ ಪತ್ರ ಹಿಡಿದಿಡೋ ಅಂಗಡಿಯ ವಿಳಾಸವನ್ನೂ ಕೊಟ್ಟು ಲೈಸೆನ್ಸ್ ತಗೋತಾರಂತೆ. ನಮ್ಮಲ್ಲಿ ಹಾಗೆ ವಿಳಾಸ ಮಾರೋ ಅಂಗಡಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಇರೋ ದಾರಿಗಳನ್ನೇ ಒಂದೊಂದಾಗಿ ನೋಡಿದೆ.

ಮೊದಲು ಮಾಡಿದ್ದು ಬಳ್ಳಾರಿಯಲ್ಲೇ ಒಂದು ರೂಮು. ತಿಂಗಳಿಗೆ 2,000 ಬಾಡಿಗೆ, 10,000 ಅಡ್ವಾನ್ಸ್. ಕರಾರು ಪತ್ರ ಅಂದ ಕೂಡಲೇ ಓನರ್ ಮುಖ ಗಂಟು ಹಾಕಿದರು. ಮೂರು ತಿಂಗಳು ಸತಾಯಿಸಿ ಕೊನೆಗೆ ಇ-ಸ್ಟಾಂಪ್ ಮೇಲೆ ಹನ್ನೊಂದು ತಿಂಗಳಿಗೆ ಬರೆದುಕೊಟ್ಟರು. ಎಲ್ಲರೂ ಹನ್ನೊಂದೇ ಯಾಕೆ ಬರೀತಾರೆ ಅಂದ್ರೆ, ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲೇಬೇಕು. ಆ ಪತ್ರ ಹಾಕಿ ಆಧಾರ್ ಬದಲಾಯಿಸಿದ್ದಾಯ್ತು. ಗೆದ್ದೆ ಅಂದುಕೊಂಡೆ.

ಆಮೇಲೆ ಬ್ಯಾಂಕಿನ ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಹೊರಟಿತು. ನಾವಿದ್ದದ್ದು ಮಿರ್ಯಾಲಗೂಡ ಹತ್ತಿರ, ಕೆಸರಿನಲ್ಲಿ ಹೂತ ಚೈನ್ ಮಷಿನ್ ಕೆಳಗೆ. ಕಾರ್ಡು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಇನ್ನೊಂದು ಸಲ ಕಳಿಸಿದರು, ಆಗಲೂ ಬೀಗ. ಪೋಸ್ಟ್‌ಮನ್ ತಪ್ಪೇನಿದೆ? ಆ ರೂಮಿನಲ್ಲಿ ಹನ್ನೊಂದು ತಿಂಗಳಲ್ಲಿ ನಾನು ಮಲಗಿದ್ದು ಒಂಬತ್ತು ರಾತ್ರಿ. ಕರಾರು ಮುಗಿದಾಗ ಓನರ್ ರೂಮು ಬೇಕು ಅಂದರು. ಆಧಾರ್ ಮತ್ತೆ ಅನಾಥವಾಯ್ತು. ಒಟ್ಟು ಖರ್ಚು 22,000. ಅಡ್ವಾನ್ಸಿನಲ್ಲಿ ಸುಣ್ಣ ಬಣ್ಣಕ್ಕೆ ಅಂತ ಮೂರು ಸಾವಿರ ಮುರಿದುಕೊಂಡರು, ಅದು ಬೇರೆ.

ಹೆಂಡತಿಯ ತವರು ಆದೋನಿ. ಮಾವನವರು ಇಲ್ಲೇ ಹಾಕಿಕೊಳ್ಳಿ ಅಂದರು. ಮನಸ್ಸು ದೊಡ್ಡದು, ಆದರೆ ರಾಜ್ಯ ಬೇರೆ. ಗಾಡಿ ಕೆಎ 34. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟರೆ ಹೊಸ ನಂಬರ್, ಎನ್‌ಒಸಿ, ಟ್ಯಾಕ್ಸ್ ಅಂತ ಶುರುವಾಗುತ್ತೆ. ಮಗಳ ಓದು, ನೌಕರಿಗೆ 371ಜೆ ಇದೆ, ಅಂದ್ರೆ ಕಲ್ಯಾಣ ಕರ್ನಾಟಕದೋರಿಗೆ ಸಂವಿಧಾನ ಕೊಟ್ಟ ಮೀಸಲಾತಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರೊಳಗೇ ಇವೆ. ಅದನ್ನು ಬಿಟ್ಟು ಗಡಿ ದಾಟೋ ಧೈರ್ಯ ನನಗಿಲ್ಲ. ಆದೋನಿಯ ವಿಚಾರ ಅಲ್ಲಿಗೇ ಕೈಬಿಟ್ಟೆ.

ಅಂಚೆ ಕಚೇರಿಯಲ್ಲೇ ಪತ್ರ ಹಿಡಿದಿಡೋ ವ್ಯವಸ್ಥೆಯೂ ಇದೆ, ಪೋಸ್ಟ್ ರೆಸ್ಟಾಂಟ್ ಅಂತಾರೆ. ಹೆಸರು, ಅಂಚೆ ಕಚೇರಿ, ಪಿನ್ ಬರೆದರೆ ಸಾಕು. ಎರಡು ವಾರ ಇಟ್ಟುಕೊಳ್ಳುತ್ತಾರೆ. ಅಕ್ಕನ ಮಗನ ಹತ್ತಿರ ಸುಮ್ನೆ ಒಂದು ಪತ್ರ ಹಾಕಿಸಿ ನೋಡಿದೆ. ಗುರುತಿನ ಚೀಟಿ ತೋರಿಸಿದೆ, ಕೈಗೆ ಬಂತು. ಆದರೆ ಇದು ಪತ್ರ ಬರೋ ಜಾಗ ಅಷ್ಟೇ, ವಾಸದ ವಿಳಾಸ ಅಲ್ಲ. ಬ್ಯಾಂಕಿನ ಫಾರಂ ಮನೆ ನಂಬರ್ ಕೇಳುತ್ತೆ.

ಇನ್ನು ಉಳಿದದ್ದು ಎರಡು. ಸಿಂಧನೂರಿನಲ್ಲಿ ಗೆಳೆಯನ ಸ್ಪೇರ್ ಪಾರ್ಟ್ಸ್ ಅಂಗಡಿ, ಮತ್ತು ಕಾರಟಗಿ ಹತ್ತಿರ ನಮ್ಮೂರಿನ ಮನೆ.

ಪತ್ರದ ವಿಷಯದಲ್ಲಿ ಅಂಗಡಿಯನ್ನು ಮೀರಿಸೋದು ಯಾವುದೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಎತ್ತಿದ ಶಟರ್ ರಾತ್ರಿ ಒಂಬತ್ತಕ್ಕೇ ಇಳಿಯೋದು. ಕೊರಿಯರ್ ಹುಡುಗನಿಗೆ ಅಂಗಡಿ ಗೊತ್ತು, ನಾವೂ ಹದಿನೈದು ದಿನಕ್ಕೊಮ್ಮೆ ಪಾರ್ಟ್ಸಿಗೆ ಹೋಗೇ ಹೋಗ್ತೀವಿ. ಒಮ್ಮೆ ಮಾತ್ರ ಚೆಕ್‌ಬುಕ್ ಆಯಿಲ್ ಸೀಲ್ ಡಬ್ಬಿಯ ಕೆಳಗೆ ಸಿಕ್ಕಿತು, ಕವರ್ ಮೇಲೆ ಗ್ರೀಸಿನ ಹೆಬ್ಬೆಟ್ಟು. ಮುಂದೆ ಜಿಎಸ್‌ಟಿ ಮಾಡಿಸಿದರೂ ಅವನ ಒಪ್ಪಿಗೆ ಪತ್ರ, ಕರೆಂಟ್ ಬಿಲ್ ಕೊಟ್ಟರೆ ಆಗುತ್ತೆ. ಆದರೆ ಆಧಾರಿಗೆ, ವೋಟರ್ ಲಿಸ್ಟಿಗೆ ಅಂಗಡಿ ಬರಲ್ಲ. ಅಲ್ಲಿ ಯಾರೂ ಮಲಗಲ್ಲ, ಅಲ್ವಾ?

ಊರಿನ ಮನೆ ಯಾಕೆ ಮೊದಲೇ ಹೊಳೀಲಿಲ್ಲ ಅಂತ ಕೇಳಬಹುದು. ಹೊಳೆದಿತ್ತು. ಅಣ್ಣನನ್ನು ಕೇಳೋಕೆ ಬಾಯಿ ಬರಲಿಲ್ಲ. ಕೊನೆಗೆ ಕೇಳಿದಾಗ ಅಣ್ಣ ಎಮ್ಮೆಗೆ ಮೇವು ಹಾಕ್ತಾ, ನನ್ನ ಕಡೆ ನೋಡದೇ ಅಂದ: "ತಮ್ಮಾ, ನಾಳೆ ಇದ ಕಾಗದ ಹಿಡಕೊಂಡು ಮನಿ ಪಾಲು ಅಂತ ಬರಂಗಿಲ್ಲ ತಾನ?" ಆಧಾರಿನಲ್ಲಿ ವಿಳಾಸ ಇದ್ದ ಮಾತ್ರಕ್ಕೆ ಮನೆ ನಮ್ಮದಾಗಲ್ಲ, ಆಸ್ತಿಗೆ ಬೇರೆಯೇ ಕಾಗದ ಬೇಕು ಅಂತ ಬಿಡಿಸಿ ಹೇಳಿದೆ. ಅತ್ತಿಗೆ ಒಳಗಿನಿಂದಲೇ "ಹಾಕ್ಕೊಳ್ಲಿ ಬಿಡ್ರಿ, ಅವ್ರ ಟ್ರಂಕು ಇಲ್ಲೇ ಐತಲ್ಲ" ಅಂದರು. ಅಲ್ಲಿಗೆ ತೀರ್ಮಾನ ಆಯ್ತು.

ನನ್ನ ಹೆಸರಿನ ದಾಖಲೆ ಆ ಮನೆಗೆ ಯಾವುದೂ ಇರಲಿಲ್ಲ. ಅದಕ್ಕೆ ಆಧಾರಿನಲ್ಲಿ ಕುಟುಂಬದ ಮುಖ್ಯಸ್ಥರ ಒಪ್ಪಿಗೆ ಮೇಲೆ ವಿಳಾಸ ಬದಲಿಸೋ ದಾರಿ 2023ರಿಂದ ಇದೆ. ನಾನು ಅವ್ವನ ಆಧಾರ್ ನಂಬರ್ ಹಾಕಿ ಅರ್ಜಿ ಕೊಡಬೇಕು, ಅವ್ವ 30 ದಿನದೊಳಗೆ ತನ್ನ ಮೊಬೈಲಿನ ಒಟಿಪಿಯಿಂದ ಒಪ್ಪಬೇಕು. ಸಂಬಂಧ ತೋರಿಸೋ ದಾಖಲೆ ಇಲ್ಲದಿದ್ದರೆ ಅವ್ವನ ಸ್ವಯಂ ಘೋಷಣೆ ನಡೆಯುತ್ತೆ. ಅರ್ಜಿ ಹಾಕಿದೆ, 50 ರೂಪಾಯಿ ಕಟ್ಟಿದೆ. ಒಟಿಪಿ ಬರಲೇ ಇಲ್ಲ. ಅವ್ವನ ಆಧಾರಿಗೆ ಕೊಟ್ಟಿದ್ದು ಎಂದೋ ಕಳೆದುಹೋದ ಸಿಮ್ಮಿನ ನಂಬರ್! 30 ದಿನ ಕಳೆಯಿತು, ಅರ್ಜಿ ಬಿತ್ತು, ದುಡ್ಡೂ ಹೋಯ್ತು. ಅವ್ವನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಂಬರ್ ಬದಲಿಸಿ, ಮತ್ತೆ ಅರ್ಜಿ ಹಾಕಿದೆ. ಈ ಸಲ ಪಕ್ಕದಲ್ಲೇ ಕೂತು ಒಪ್ಪಿಸಿದೆ. "ಯಪ್ಪಾ, ನೀ ನನ್ ಮಗ ಅನ್ನಾಕ ಫೋನ್ ಬ್ಯಾರೆ ಒತ್ತಬೇಕೇನು?" ಅಂದಳು. ನನ್ನದು ಬದಲಾದ ಮೇಲೆ ಹೆಂಡತಿಗೆ ನಾನೇ ಮುಖ್ಯಸ್ಥನಾದೆ. 2025ರ ಅಕ್ಟೋಬರ್‌ನಿಂದ ಆ ಶುಲ್ಕ 75 ರೂಪಾಯಿ ಆಗಿದೆ. ಹೋಲಿಸಿ ನೋಡಿ, ರೂಮಿನ 22,000 ಎಲ್ಲಿ, ಇದೆಲ್ಲಿ.

ಆಧಾರ್ ಆಯ್ತು ಅಂದ್ರೆ ಉಳಿದವು ಸಾಲಾಗಿ ಬಂದವು. ಗಾಡಿಯ ಆರ್‌ಸಿಯಲ್ಲಿ ವಿಳಾಸ ಕೊಪ್ಪಳ ಜಿಲ್ಲೆಗೆ ಹೋಯ್ತು, ನಂಬರ್ ಕೆಎ 34 ಹಾಗೇ ಉಳಿಯಿತು. ವಿಳಾಸ ಬದಲಾದ 30 ದಿನದೊಳಗೆ ತಿಳಿಸಬೇಕು ಅನ್ನೋದು ನೆನಪಿರಲಿ. ಬ್ಯಾಂಕಿನಲ್ಲಿ ಆಧಾರಿನ ವಿಳಾಸ ಊರಿನದು. ಈಗಿನ ವಿಳಾಸ ಬೇರೆ ಇದ್ದರೆ ಸ್ವಯಂ ಘೋಷಣೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅಲ್ಲಿ ಸಿಂಧನೂರಿನ ಅಂಗಡಿ ಬರೆದೆ. ಹಾಗಾಗಿ ಕಾಗದಕ್ಕೆ ಅವ್ವನ ಮನೆ, ಕವರಿಗೆ ಗೆಳೆಯನ ಅಂಗಡಿ.

ವೋಟರ್ ಲಿಸ್ಟಿನಲ್ಲಿ ವಿಳಾಸ ಬದಲಿಸೋ ಫಾರಂ 8 ಹಾಕಿದಾಗ ಮಾತ್ರ ಸ್ವಲ್ಪ ಅಳುಕಿತ್ತು. 1950ರ ಜನಪ್ರಾತಿನಿಧ್ಯ ಕಾನೂನು ಕೇಳೋದು ಸಾಮಾನ್ಯವಾಗಿ ಎಲ್ಲಿ ವಾಸ ಅಂತ. ಬರೀ ಮನೆ ಇದ್ದರೆ ಸಾಲದು. ಹಾಗೇ ದುಡಿಮೆಗೆ ಅಂತ ಕೆಲವು ಕಾಲ ಹೊರಗೆ ಹೋದ ಮಾತ್ರಕ್ಕೆ ಹಕ್ಕೂ ಹೋಗಲ್ಲ. ಸುಳ್ಳು ಹೇಳಿದರೆ ಒಂದು ವರ್ಷದವರೆಗೆ ಜೈಲು. ರೂಮಿನ ವಿಳಾಸದಲ್ಲಿ ಇದನ್ನು ಹಾಕಿದ್ದರೆ ನನಗೆ ನಿದ್ದೆ ಬರ್ತಿರಲಿಲ್ಲ. ಊರಿನ ಮನೆಯಲ್ಲಿ ಕೊಯ್ಲು ಇಲ್ಲದ ತಿಂಗಳೆಲ್ಲ ನಾವೇ ಇರ್ತೀವಿ, ಮಗಳ ಮಾರ್ಕ್ಸ್ ಕಾರ್ಡಿನ ಟ್ರಂಕೂ ಅಲ್ಲೇ ಇದೆ.

ವೋಟರ್ ಲಿಸ್ಟ್ ಪರಿಶೀಲಿಸೋ ಬಿಎಲ್‌ಒ ಮೇಡಂ ಬಂದಾಗ ನಾವು ತಮಿಳುನಾಡಿನಲ್ಲಿದ್ದೆವು. ಅತ್ತಿಗೆ ಸಂಜೆ ಫೋನ್ ಮಾಡಿದರು. "ಕೇಳಿದ್ರಪ, ಇಲ್ಲೇ ಇರ್ತಾರೇನು ಅಂತ. ದುಡಿಯಾಕ ಹೋಗ್ಯಾರ್ರೀ, ಹಬ್ಬಕ್ಕ ಬರ್ತಾರ ಅಂದೆ. ಬರ್ತೀರಿಲ್ಲೋ?"

ಆ ಸಲ ಹಬ್ಬಕ್ಕೆ ಎರಡು ದಿನ ಮೊದಲೇ ಗಾಡಿ ತಿರುಗಿಸಿದೆ.