ಮಂಜರಾಬಾದ್ ಕೋಟೆ ನಡಿಗೆ: ಹಗ್ಗದ ಪಾಠಕ್ಕೆ ಪೂರ್ತಿ ಅಂಕ, ಪಾಂಡಿಚೇರಿ ಕಥೆಗೆ ಅರ್ಧ

ಸಕಲೇಶಪುರ ದಾಟಿ ದೋಣಿಗಾಲ್ ಬಳಿ ಇರುವ ಮಂಜರಾಬಾದ್ ಕೋಟೆಯಲ್ಲಿ ಸ್ಥಳೀಯ ಗೈಡ್ ಒಬ್ಬರು ಅರ್ಧ ದಿನದ ನಡಿಗೆ ನಡೆಸುತ್ತಾರೆ. 1760-61ರಲ್ಲಿ ಇಂಗ್ಲಿಷರು ಫ್ರೆಂಚರ ಪಾಂಡಿಚೇರಿಗೆ ಹಾಕಿದ ಮುತ್ತಿಗೆಯ ಕಥೆಯೂ ಅದರಲ್ಲಿ ಸೇರಿದೆ. ಇದು ಒಳ್ಳೆಯ ಆಯ್ಕೆ. ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿದ ಈ ಎಂಟು ಮೂಲೆಯ ಕೋಟೆಯೂ ಪಾಂಡಿಚೇರಿಯ ಸೇಂಟ್ ಲೂಯಿ ಕೋಟೆಯೂ ಫ್ರೆಂಚ್ ಇಂಜಿನಿಯರ್ ವೊಬಾನ್‌ನ ಪದ್ಧತಿಯವೇ.

ನಡಿಗೆಯ ಜೀವಾಳ ಹಗ್ಗದ ಪಾಠ. ಒಂದು ಮೂಲೆಯ ಬದಿಗೋಡೆಯಿಂದ ಪಕ್ಕದ ಮೂಲೆಯ ತುದಿಗೆ ಹಗ್ಗ ಎಳೆದು, ಗುಂಡು ಹೋಗುವ ದಾರಿ ಇದೇ ಎಂದು ತೋರಿಸುತ್ತಾರೆ. ದುಂಡು ಬುರುಜಿನ ಬುಡಕ್ಕೆ ಅಂಟಿ ನಿಂತವನು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಹಾಗಲ್ಲ, ಪಕ್ಕದ ಮೂಲೆಯಿಂದ ಅವನ ಪಕ್ಕೆಗೇ ಗುಂಡು ಬರುತ್ತದೆ. ಇಷ್ಟು ಸ್ಪಷ್ಟವಾಗಿ ಇದನ್ನು ತಿಳಿಸುವವರು ಅಪರೂಪ.

ಎಡವುವುದು ಆಮೇಲೆ. ತೋಪಿನ ಹೊಡೆತಕ್ಕೆ ಗೋಡೆ ಒಡೆದು ಪಾಂಡಿಚೇರಿ ಬಿತ್ತು ಎನ್ನುತ್ತಾರೆ. ಬೀಳಿಸಿದ್ದು ಹಸಿವು. 1760ರ ಜನವರಿ 22ರಂದು ವಾಂಡಿವಾಷ್‌ನಲ್ಲಿ ಸೋತ ಮೇಲೆ ಫ್ರೆಂಚ್ ಸೇನಾಪತಿ ಲಾಲಿಯ ಕೈಯಿಂದ ಸುತ್ತಲಿನ ಸೀಮೆ ಒಂದೊಂದಾಗಿ ಜಾರಿತು. ಇಂಗ್ಲಿಷ್ ಸೇನಾಪತಿ ಐರ್ ಕೂಟ್ ನೆಲದ ದಾರಿ ಕಟ್ಟಿದ, ಇಂಗ್ಲಿಷ್ ಹಡಗುಗಳು ಕಡಲ ದಾರಿ ಕಟ್ಟಿದವು. ತೋಪುಗಳ ಸದ್ದು ಜೋರಾದದ್ದು ಡಿಸೆಂಬರಿನಲ್ಲಿ. 1761ರ ಜನವರಿ 1ರ ಚಂಡಮಾರುತ ಹಲವು ಇಂಗ್ಲಿಷ್ ಹಡಗುಗಳನ್ನು ಮುಳುಗಿಸಿದರೂ ಫ್ರೆಂಚ್ ಹಡಗು ಬರಲಿಲ್ಲ, ಅಕ್ಕಿಯೂ ಬರಲಿಲ್ಲ. ಎರಡು ವಾರಕ್ಕೆ ಊರು ಶರಣಾಯಿತು.

ಹೈದರಾಲಿಯ ಹೆಸರೇ ಬಾರದಿರುವುದು ಇನ್ನೂ ದೊಡ್ಡ ಕೊರತೆ. ಲಾಲಿಯ ನೆರವಿಗೆ ಮಖ್ದೂಮ್ ಅಲಿಯ ಕೈಕೆಳಗೆ ಹೈದರ್ ಕಳಿಸಿದ ಮೈಸೂರಿನ ಸೈನ್ಯ ಹೋಗಿತ್ತು. ಇತ್ತ ಶ್ರೀರಂಗಪಟ್ಟಣದಲ್ಲಿ ಹೈದರನ ಆಪ್ತನಾಗಿದ್ದ ಖಂಡೇರಾಯ ಅವನ ಮೇಲೆಯೇ ತಿರುಗಿಬಿದ್ದ, ಆ ಸೈನ್ಯ 1760ರಲ್ಲೇ ಹಿಂದಿರುಗಿತು. ಹಾಸನ ಸೀಮೆಯಲ್ಲಿ ನಿಂತು ಹೇಳಲೇಬೇಕಾದ ಭಾಗ ಇದು.

ಪಾಂಡಿಚೇರಿಯನ್ನು ಬೀಳಿಸಿದ್ದು ಹಸಿವಾದ್ದರಿಂದ, ಈ ಕೋಟೆಯ ನಡುವಿನ ಬಾವಿಗೂ ಮದ್ದಿನ ಮನೆಗೂ ಈಗ ಕೊಡುವ ಸಮಯ ಸಾಲದು. ಮುತ್ತಿಗೆಯಲ್ಲಿ ಕೋಟೆ ಎಷ್ಟು ದಿನ ನಿಲ್ಲುತ್ತದೆ ಎಂಬ ಲೆಕ್ಕ ನೀರು, ದವಸ, ಮದ್ದಿನದು. ಫೋಟೋಗೆಂದು ನಿಲ್ಲುವುದನ್ನು ಕಡಿಮೆ ಮಾಡಿ ಆ ಲೆಕ್ಕ ಬಿಡಿಸಿ ಹೇಳಲಿ.

ಹೋಗುವವರು ಬೆಳಗಿನ ತಂಡವನ್ನೇ ಹಿಡಿಯಿರಿ. ಮೆಟ್ಟಿಲು ಇನ್ನೂರಕ್ಕೂ ಹೆಚ್ಚು, ನೀರು ಕೆಳಗಿನಿಂದಲೇ ಒಯ್ಯಬೇಕು. ಮದ್ದಿನ ಮನೆಯೊಳಗೆ ಕತ್ತಲು, ಟಾರ್ಚ್ ಇರಲಿ. ಮಳೆಗಾಲದಲ್ಲಿ ಪಾಚಿ, ಇಂಬಳ ಎರಡೂ ಕಾಡುತ್ತವೆ, ಮಂಜು ಕವಿದರೆ ಪಕ್ಕದ ಮೂಲೆಯೇ ಕಾಣದೆ ಹಗ್ಗದ ಪಾಠವೂ ವ್ಯರ್ಥ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.