ರಾಡಾರ್ ಡಿಟೆಕ್ಟರ್ ಕೊಳ್ಳಬೇಕಾ? ಯುನಿಡೆನ್ ಆರ್8, ಮೂರು ವರ್ಷದ ಬಳಕೆಯ ನಂತರ

ವೇಗ ಅಳೆಯುವ ಪೊಲೀಸರು ಹತ್ತಿರದಲ್ಲಿದ್ದಾರೆ ಅಂತ ಕೂಗಿ ಎಚ್ಚರಿಸುವ ಡಬ್ಬ ರಾಡಾರ್ ಡಿಟೆಕ್ಟರ್. ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ತಿಂಗಳಿಗೆ ಸಾವಿರ ಮೈಲಿ ಓಡಿಸುವವರಿಗೆ ಇದು ಕೆಲಸಕ್ಕೆ ಬರುವ ಸಾಮಾನು. ಮನೆ, ಆಫೀಸು, ಇಂಡಿಯನ್ ಸ್ಟೋರ್ ಅಂತ ಊರೊಳಗೇ ಸುತ್ತುವವರಿಗೆ ಟಿಕೆಟ್ಟಿನ ದಂಡ ತಪ್ಪಿಸಿಕೊಳ್ಳಲು ಕೊಟ್ಟ 600 ಡಾಲರೇ ದಂಡ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಕೊಳ್ಳಲೇಬೇಕು ಅಂತಿರುವವರಿಗೆ ಮುಂದಿನದು.

ಹೆಸರು ದೊಡ್ಡದಾದರೂ ಒಳಗಿರುವುದು ಒಂದು ರೇಡಿಯೋ ರಿಸೀವರ್. ವೇಗ ಅಳೆಯಲು ಪೊಲೀಸರ ರಾಡಾರ್ ಗನ್ ಬಿಟ್ಟ ಅಲೆಯನ್ನು ಹಿಡಿದು ಕೂಗುತ್ತದೆ, ಯಾವುದನ್ನೂ ತಡೆಯುವುದಿಲ್ಲ. ತಡೆಯುವುದು ಜಾಮರ್, ರಾಡಾರ್ ಜಾಮರ್ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿಗೇ ವಿರುದ್ಧ. ಪೊಲೀಸರ ಅಲೆ ನಿಮ್ಮ ಕಾರಿಗೆ ಬಡಿದು ವಾಪಸ್ ಗನ್‌ಗೆ ಹೋಗಬೇಕು. ಡಿಟೆಕ್ಟರ್‌ಗಾದರೋ ಗನ್ನಿನಿಂದ ಹೊರಟ ಅಲೆ ಸಿಕ್ಕರೆ ಸಾಕು, ವಾಪಸ್ ಹೋಗಬೇಕಿಲ್ಲ. ಅದು ಗನ್‌ಗಿಂತ ಮೊದಲೇ ಕೇಳಿಸಿಕೊಳ್ಳುವುದು ಇದರಿಂದಲೇ. ಕಾನ್ಸಾಸ್‌ನಂಥ ಬಯಲು ಸೀಮೆಯಲ್ಲಿ ಎರಡು ಮೈಲಿ ಮೊದಲೇ ಕೂಗುವುದುಂಟು. ಗಂಟೆಗೆ 75 ಮೈಲಿ ವೇಗದಲ್ಲಿ ಅದು ಒಂದೂವರೆ ನಿಮಿಷದಷ್ಟು ಸಮಯ. ಗುಡ್ಡ, ತಿರುವು ಇದ್ದಲ್ಲಿ ಅರ್ಧ ಮೈಲಿ ಸಿಕ್ಕಿದರೆ ಪುಣ್ಯ, ಅಂದರೆ 24 ಸೆಕೆಂಡ್.

ಗನ್‌ಗಳು ಬಳಸುವ ಬ್ಯಾಂಡ್, ಅಂದರೆ ಫ್ರೀಕ್ವೆನ್ಸಿಯ ಪಟ್ಟಿ, ಮೂರು. ಎಕ್ಸ್ 10.5 ಗಿಗಾಹರ್ಟ್ಸ್ ಸುತ್ತ, ಕೆ 24.05ರಿಂದ 24.25, ಕೆಎ 33.4ರಿಂದ 36. ಎಕ್ಸ್ ಹೆಚ್ಚುಕಡಿಮೆ ಮೂಲೆ ಸೇರಿದೆ. ಕೆಎ ಕೂಗಿದರೆ ಬಹುತೇಕ ಪೊಲೀಸೇ. ತಲೆನೋವೆಲ್ಲ ಕೆ ಬ್ಯಾಂಡಿನದು. ಅಂಗಡಿಗಳ ತಾನಾಗಿ ತೆರೆಯುವ ಬಾಗಿಲು, ಹೆದ್ದಾರಿ ಪಕ್ಕದ ಟ್ರಾಫಿಕ್ ಸೆನ್ಸರ್, ಪಕ್ಕದ ಲೇನಿನ ಎಸ್‌ಯುವಿಯ ಬ್ಲೈಂಡ್ ಸ್ಪಾಟ್ ಸೆನ್ಸರ್ ಎಲ್ಲವೂ ಅಲ್ಲೇ ಬೀಡುಬಿಟ್ಟಿವೆ. ಹೊಸ ಕಾರುಗಳ ಸೆನ್ಸರ್ 77 ಗಿಗಾಹರ್ಟ್ಸ್‌ಗೆ ಹೋಗುತ್ತಿರುವುದು ಸಮಾಧಾನ, ಆದರೆ ಹಳೇ ಕಾರುಗಳು ಇನ್ನೂ ಹತ್ತು ವರ್ಷ ರಸ್ತೆಯಲ್ಲಿರುತ್ತವೆ.

ಡಬ್ಬ ಬಿಚ್ಚಿ ಹಾಗೇ ಹಚ್ಚಿದರೆ ಯಾವ ಕಂಪನಿಯ ಡಿಟೆಕ್ಟರ್ ಆದರೂ ಕೂಗುಮಾರಿಯೇ. ಮೊದಲ ವಾರದಲ್ಲೇ ತೋಳ ಬಂತು ತೋಳ ಕಥೆಯಾಗಿ, ನಿಜವಾದ ತೋಳ ಬಂದಾಗ ಕೈ ತಾನಾಗಿ ಮ್ಯೂಟ್ ಒತ್ತುತ್ತದೆ. ಒಳ್ಳೆಯ ಡಿಟೆಕ್ಟರ್ ಅಂದರೆ ಎಷ್ಟು ದೂರದಿಂದ ಕೂಗುತ್ತದೆ ಅನ್ನುವುದಕ್ಕಿಂತ ಎಷ್ಟು ಸುಮ್ಮನಿರುತ್ತದೆ ಅನ್ನುವುದೇ ಮುಖ್ಯ. ಸುಮ್ಮನಿರಿಸುವ ಕೆಲಸ ನಿಮ್ಮದು.

ಮೆನುವಿನಲ್ಲಿ ಮೊದಲು ಎಕ್ಸ್ ಬ್ಯಾಂಡ್ ಆಫ್ ಮಾಡಿ. ಓಹಾಯೋ, ನ್ಯೂಜೆರ್ಸಿ ಕಡೆಯವರು ಮಾತ್ರ ಸ್ವಲ್ಪ ದಿನ ಆನ್ ಇಟ್ಟು ನೋಡಬಹುದು, ಅಲ್ಲಿ ಹಳೇ ಎಕ್ಸ್ ಗನ್ ಬೇರೆಡೆಗಿಂತ ಹೆಚ್ಚು ಕಾಲ ಉಳಿದುಕೊಂಡಿದ್ದವು. ಕೆಎ ಬ್ಯಾಂಡನ್ನು ಹತ್ತು ತುಂಡು ಮಾಡಿ ಕೊಟ್ಟಿರುತ್ತಾರೆ. ಅಮೆರಿಕದ ಗನ್‌ಗಳು ಕೂರುವುದು 33.8, 34.7, 35.5ರ ಆಸುಪಾಸಿನಲ್ಲಿ, ಅಂದರೆ 2, 5, 8ನೇ ತುಂಡು. ಉಳಿದ ಏಳನ್ನು ಮುಚ್ಚಿದರೆ ಸ್ಕ್ಯಾನ್ ಬೇಗ ಮುಗಿಯುತ್ತದೆ, ಬೇರೆ ಡಿಟೆಕ್ಟರ್‌ಗಳು ಸೋರಿಸುವ ಅಲೆಗೆ ಕೂಗುವುದೂ ಕಡಿಮೆಯಾಗುತ್ತದೆ. ಟ್ರಾಫಿಕ್ ಸೆನ್ಸರ್ ಫಿಲ್ಟರ್ ಆನ್, ಕೆ ಫಿಲ್ಟರ್ ಆನ್. ವೇಗ ಮೀರಿದವರ ಫೋಟೋ ತೆಗೆಯುವ ರಾಡಾರ್ ಕ್ಯಾಮೆರಾ ಹಿಡಿಯುವ ಎಂಆರ್‌ಸಿಡಿ ಆಯ್ಕೆಯನ್ನು ನಿಮ್ಮ ಊರಲ್ಲಿ ಅಂಥ ಕ್ಯಾಮೆರಾ ಇದ್ದರೆ ಮಾತ್ರ ಆನ್ ಮಾಡಿ, ಇಲ್ಲದಿದ್ದರೆ ಅದೊಂದೇ ಕಿವಿ ತೂತು ಮಾಡುತ್ತದೆ. ನಿಧಾನ ಹೋಗುವಾಗ ಸುಮ್ಮನಿರಿಸುವ ಕ್ವೈಟ್ ರೈಡ್ ಅನ್ನು 35 ಮೈಲಿಗೆ ಇಟ್ಟರೆ ಪಾರ್ಕಿಂಗ್ ಲಾಟಿನ ಗಲಾಟೆ ನಿಲ್ಲುತ್ತದೆ.

ಆಮೇಲೆ ಜಿಪಿಎಸ್ ಮ್ಯೂಟ್. ದಿನಾ ಹೋಗುವ ದಾರಿಯಲ್ಲಿ ಅದೇ ಫಾರ್ಮಸಿ ಬಾಗಿಲಿಗೆ ಕೂಗಿದಾಗ ಮ್ಯೂಟ್ ಒತ್ತಿ, ಕೂಗು ಮುಗಿಯುವ ಮೊದಲು ಮತ್ತೊಮ್ಮೆ ಒತ್ತಿದರೆ ಆ ಜಾಗವೂ ಆ ಫ್ರೀಕ್ವೆನ್ಸಿಯೂ ನೆನಪಿಗೆ ಸೇರುತ್ತವೆ. ಎರಡು ವಾರದಲ್ಲಿ ಆಫೀಸ್ ದಾರಿ ಶಾಂತವಾಗುತ್ತದೆ. ಎಲ್ಲರೂ ಮಾಡುವ ತಪ್ಪು ಇಲ್ಲೊಂದಿದೆ: ಜೊತೆಗೆ ಓಡುತ್ತಿರುವ ಕಾರಿನ ಸೆನ್ಸರ್ ಕೂಗಿದಾಗಲೂ ನೆನಪಿಗೆ ಹಾಕಿಬಿಡುತ್ತಾರೆ. ಆ ಕಾರು ಹೋಯಿತು, ಆ ಜಾಗ ಮಾತ್ರ ಕಿವುಡಾಯಿತು. ನಾಳೆ ಅಲ್ಲೇ ಅದೇ ಫ್ರೀಕ್ವೆನ್ಸಿಯ ಗನ್ ಹಿಡಿದು ಮಾಮ ನಿಂತರೆ ಡಿಟೆಕ್ಟರ್ ಬಾಯಿ ಬಿಡುವುದಿಲ್ಲ. ಗೋಡೆಗೆ ಅಂಟಿಕೊಂಡ ಮೂಲಗಳನ್ನಷ್ಟೇ ಮ್ಯೂಟ್ ಮಾಡಿ, ಕೆಎಯನ್ನು ಯಾವತ್ತೂ ಮಾಡಬೇಡಿ.

ಇನ್ನು ಕೂಗನ್ನು ಓದುವುದು ಕಲಿಯಬೇಕು. ಅಲೆಯ ಬಲ ತೋರಿಸುವ ಮೀಟರ್ ಒಂದು, ಎರಡು, ಮೂರು ಅಂತ ನಿಧಾನ ಏರಿದರೆ ಗನ್ ಸದಾ ಆನ್ ಇರುವ ಪೊಲೀಸರ ಗಸ್ತು ಕಾರು. ಇದು ಸುಲಭದ ಬೇಟೆ. ಕೆ ಬ್ಯಾಂಡಿನಲ್ಲಿ ಅಂಕಿ 24.125 ಅಥವಾ 24.150ರ ಬಳಿ ಅಲುಗಾಡದೆ ನಿಂತರೆ ಎಚ್ಚರ. 24.2ರ ಅಕ್ಕಪಕ್ಕ ಅಲೆದಾಡುತ್ತಿದ್ದರೆ ಬಹುಮಟ್ಟಿಗೆ ಯಾವುದೋ ಕಾರಿನ ಸೆನ್ಸರ್.

ಜನ ಎಡವುವುದು ಮೂರನೆಯ ಬಗೆಯ ಕೂಗಿನಲ್ಲಿ. ಖಾಲಿ ಹೆದ್ದಾರಿ, ಸುತ್ತ ಅಂಗಡಿ ಇಲ್ಲ, ಅಕ್ಕಪಕ್ಕ ಕಾರಿಲ್ಲ. ಕೆಎ 34.7 ಅಂತ ಎರಡು ಸೆಕೆಂಡ್ ಕೀಚ್ ಅಂದು ಸುಮ್ಮನಾಗುತ್ತದೆ. ಮೀಟರ್ ಒಂದೇ ಗೆರೆ. ಹೊಸಬರು ಇದನ್ನು ಸುಳ್ಳು ಕೂಗು ಅಂತ ಬಿಟ್ಟುಬಿಡುತ್ತಾರೆ. ವಾಸ್ತವದಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ. ಪೊಲೀಸ್ ಗನ್ನನ್ನು ಅಲೆ ಬಿಡದಂತೆ ಹೋಲ್ಡ್‌ನಲ್ಲಿಟ್ಟು, ಮುಂದೆ ಹೋಗುತ್ತಿರುವ ಯಾರನ್ನೋ ಒಂದು ಕ್ಷಣ ಹೊಡೆದು ಮತ್ತೆ ಆಫ್ ಮಾಡಿದ್ದಾನೆ. ನಿಮ್ಮ ಸರದಿ ಬಂದಾಗ ಹೀಗೇ ಆನ್ ಮಾಡುತ್ತಾನೆ, ಆಗ ಕೂಗು ಏಳುವಷ್ಟರಲ್ಲಿ ಅವನ ಪರದೆಯ ಮೇಲೆ ನಿಮ್ಮ ವೇಗ ಬಂದಾಗಿರುತ್ತದೆ. ಈ ಇನ್‌ಸ್ಟಂಟ್ ಆನ್ ವಿದ್ಯೆಗೆ ಇರುವ ಮದ್ದು ಒಂದೇ, ಅರ್ಧ ಮುಕ್ಕಾಲು ಮೈಲಿ ಮುಂದೆ ಬೇರೆ ಕಾರಿರಬೇಕು. ಗುಂಪಿನ ಮುಂಚೂಣಿಯಲ್ಲಿ ಒಬ್ಬರೇ ಹೋಗುವವರಿಗೆ 600 ಡಾಲರಿನದೂ ಒಂದೇ, ಖಾಲಿ ಡಬ್ಬವೂ ಒಂದೇ.

ರಾಡಾರ್ ಬದಲು ಬೆಳಕಿನಿಂದ ವೇಗ ಅಳೆಯುವ ಲೇಸರ್ ಗನ್ನಿನ ವಿಷಯ ಬೇಗ ಮುಗಿಸೋಣ. 904 ನ್ಯಾನೋಮೀಟರ್ ಕಿರಣ, ಸಾವಿರ ಅಡಿ ದೂರದಲ್ಲಿ ಅದರ ಅಗಲ ಸುಮಾರು ಮೂರೇ ಅಡಿ. ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ ಗುರಿ ಇಡುತ್ತಾರೆ, ಗಾಜಿನ ಮೇಲ್ಭಾಗದಲ್ಲಿರುವ ಡಿಟೆಕ್ಟರ್‌ಗೆ ತಗುಲುವುದು ಅಪರೂಪ. ತಗುಲಿ ಕೂಗಿದರೂ ಅಟ್ಟ ಮೇಲೆ ಒಲೆ ಉರಿದಂತೆ, ಅರ್ಧ ಸೆಕೆಂಡಿನೊಳಗೆ ಅವರ ಅಳತೆ ಮುಗಿದಿರುತ್ತದೆ. ಲೇಸರ್ ಹೆಚ್ಚಿರುವ ನಗರಗಳ ಸುತ್ತ ಓಡಿಸುವವರು ಪೊಲೀಸರು ಎಲ್ಲಿದ್ದಾರೆ ಅಂತ ಬೇರೆ ಚಾಲಕರು ತಿಳಿಸುವ ವೇಝ್ ಆ್ಯಪ್ ನೋಡಿಕೊಳ್ಳುವುದೇ ಲೇಸು. ಹಿಂದಿನಿಂದ ಸಮವೇಗದಲ್ಲಿ ಬಂದು ಅಳೆಯುವ ಪೇಸಿಂಗ್, ವಿಮಾನದಿಂದ ಎಣಿಸುವುದು, ಎರಡು ಗೆರೆಗಳ ನಡುವಿನ ಸಮಯ ಹಿಡಿಯುವ ವ್ಯಾಸ್ಕಾರ್ ಇವಕ್ಕೆ ರಾಡಾರ್ ಅಲೆಯೇ ಬೇಡ, ಹಿಡಿಯಲು ಏನೂ ಇರುವುದಿಲ್ಲ.

ಆರ್8ಗೆ ಹಿಂದೊಂದು ಮುಂದೊಂದು ಆಂಟೆನಾ ಇದೆ, ಕೂಗು ಎತ್ತಲಿಂದ ಅಂತ ಬಾಣ ತೋರಿಸುತ್ತದೆ. 1992ರ ವ್ಯಾಲೆಂಟೈನ್ ಒನ್ ಎಂಬ ಡಿಟೆಕ್ಟರ್ ಕಲಿಸಿದ ಪಾಠ ಇದು. ಬಾಣ ಮುಂದೆ, ಪಕ್ಕ, ಹಿಂದೆ ಅಂತ ತಿರುಗಿದರೆ ದಾಟಿದಿರಿ ಅಂತ ಅರ್ಥ. ಹಿಂದೆ ತಿರುಗಿದ ಮೇಲೂ ಮುಂದಿನ ಬಾಣ ಉರಿಯುತ್ತಿದ್ದರೆ ಇನ್ನೊಬ್ಬ ಇದ್ದಾನೆ. ಬಾಣ ಬೇಡ ಅನ್ನುವವರು ಅದೇ ಕಂಪನಿಯ ಆರ್4 ತೆಗೆದುಕೊಂಡು ದುಡ್ಡು ಉಳಿಸಬಹುದು. ನನ್ನ ಮಟ್ಟಿಗೆ ಬಾಣಕ್ಕೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ.

ಕೂರಿಸುವುದು ಕನ್ನಡಿಯ ಪಕ್ಕ, ಎತ್ತರದಲ್ಲಿ, ರಸ್ತೆಗೆ ಸಮವಾಗಿ. ಹಿಂದಿನ ಗಾಜೂ ಅದಕ್ಕೆ ಕಾಣಬೇಕು. ಬಿಸಿಲು ತಡೆಯಲು ಲೋಹದ ಲೇಪನವಿರುವ ಗಾಜು ಅಲೆಯನ್ನೂ ತಡೆಯುತ್ತದೆ, ಅಂಥ ಕಾರುಗಳಲ್ಲಿ ಟೋಲ್ ಟ್ಯಾಗಿಗೆ ಬಿಟ್ಟ ಕಿಂಡಿ ಹುಡುಕಿ. ಸಕ್ಷನ್ ಕಪ್ ಬೇಸಿಗೆಯಲ್ಲಿ ಕಳಚಿ ಬೀಳುತ್ತಿದ್ದರೆ ಕಪ್ಪನ್ನೂ ಗಾಜನ್ನೂ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ ಹಚ್ಚಿ, ಎರಡು ಬೇಸಿಗೆ ಕಳೆದ ಕಪ್ ಬದಲಿಸಿಬಿಡಿ. ಕ್ಯಾಲಿಫೋರ್ನಿಯಾ, ಮಿನ್ನೆಸೋಟಗಳಲ್ಲಿ ಗಾಜಿಗೆ ಅಂಟಿಸುವುದಕ್ಕೆ ನಿರ್ಬಂಧ ಇರುವುದರಿಂದ ಕನ್ನಡಿಯ ಕಾಂಡಕ್ಕೆ ಕಟ್ಟುವ ಮೌಂಟ್ ವಾಸಿ.

ಸಿಗರೇಟ್ ಸಾಕೆಟ್‌ನಿಂದ ವಯರ್ ಎಳೆದರೆ ಡ್ಯಾಶ್‌ಬೋರ್ಡಿನ ಮೇಲೆ ನೇತಾಡಿ ಕಳ್ಳರಿಗೆ ಕರೆಯೋಲೆ ಕೊಟ್ಟಂತೆ. ಕತ್ತಲಲ್ಲಿ ಮಬ್ಬಾಗುವ ಕನ್ನಡಿ ಇದ್ದರೆ ಅದರ ವಯರಿನಿಂದಲೇ 12 ವೋಲ್ಟ್ ತೆಗೆಯಬಹುದು. ಮಲ್ಟಿಮೀಟರ್ ಇಲ್ಲದೆ ಕೈ ಹಾಕಬೇಡಿ. ಕನ್ನಡಿಗೆ ಬರುವ ವಯರುಗಳಲ್ಲಿ ಒಂದು ರಿವರ್ಸ್ ಗೇರಿನದು, ಅದಕ್ಕೆ ಜೋಡಿಸಿದರೆ ಕಾರು ಹಿಂದೆ ಹೋಗುವಾಗ ಮಾತ್ರ ಡಿಟೆಕ್ಟರ್ ಉರಿಯುತ್ತದೆ! ಕೀ ಆನ್ ಇದ್ದಾಗ 12, ಆಫ್ ಆದ ಮೇಲೆ ಸೊನ್ನೆ ತೋರಿಸುವ ವಯರೇ ಬೇಕು. ಕೆಲವು ಕಾರುಗಳಲ್ಲಿ ಸೊನ್ನೆಯಾಗಲು ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ, ಕಾಯಿರಿ. ಪ್ಲಸ್ ಮೈನಸ್ ಅದಲುಬದಲಾಗದಂತೆ ನಿಮ್ಮ ಮಾಡೆಲ್ಲಿಗೇ ಮಾಡಿದ ಮಿರರ್ ಟ್ಯಾಪ್ ಕೇಬಲ್ ತರಿಸಿಕೊಳ್ಳಿ.

ಕಾನೂನು ಗೊತ್ತಿರಲಿ. ವರ್ಜೀನಿಯಾದಲ್ಲಿ, ವಾಷಿಂಗ್ಟನ್ ಡಿಸಿಯಲ್ಲಿ ಡಿಟೆಕ್ಟರ್ ನಿಷಿದ್ಧ. 10,000 ಪೌಂಡ್ ಮೀರಿದ ವಾಣಿಜ್ಯ ವಾಹನಗಳಿಗೆ ದೇಶವಿಡೀ ನಿಷಿದ್ಧ. ಮೇರಿಲ್ಯಾಂಡ್ ದಾಟಿ ವರ್ಜೀನಿಯಾಕ್ಕೆ ಹೋಗುವವರು ಗಡಿಗೆ ಮೊದಲೇ ವಯರ್ ಕಿತ್ತು ಡಿಕ್ಕಿಗೆ ಹಾಕಬೇಕು. ಪವರ್ ಇಲ್ಲದೆ, ಕೈಗೆ ಸಿಗದ ಜಾಗದಲ್ಲಿದ್ದರೆ ಅಲ್ಲಿನ ಕಾನೂನಿನಲ್ಲಿ ತಪ್ಪಿಲ್ಲ. ಅದೇ ರಾಜ್ಯದಲ್ಲಿ 85 ದಾಟಿದರೆ ರೆಕ್ಲೆಸ್ ಡ್ರೈವಿಂಗ್, ಬರೀ ಟಿಕೆಟ್ ಅಲ್ಲ, ಕ್ರಿಮಿನಲ್ ಮೊಕದ್ದಮೆ. ವೀಸಾದ ಮೇಲಿರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಊರಿಂದ ಬಂದ ಅಪ್ಪ ಅಮ್ಮನನ್ನು ನಯಾಗರಕ್ಕೆ ಕರೆದುಕೊಂಡು ಹೋಗಿ, ಆ ಕಡೆಯಿಂದಲೂ ನೋಡೋಣ ಅಂತ ಕೆನಡಾಗೆ ದಾಟುವವರಿಗೆ ಬೇರೆ ಲೆಕ್ಕ. ಒಂಟಾರಿಯೊದಲ್ಲಿ ಡಿಕ್ಕಿಯಲ್ಲಿದ್ದರೂ ಅಪರಾಧ, ಪೊಲೀಸರು ಕಿತ್ತುಕೊಂಡರೆ ವಾಪಸ್ ಬರುವುದಿಲ್ಲ. ಬಫೆಲೋದ ಹೋಟೆಲ್ ರೂಮಿನಲ್ಲೇ ಬಿಟ್ಟು ಹೋಗಿ.

ಡಿಟೆಕ್ಟರ್ ಇದೆ ಅಂತ 90ರಲ್ಲಿ ಹೋಗುವವರ ಬಗ್ಗೆ ಹೇಳುವುದಾದರೆ, ಈ ಯಂತ್ರ ಮಿತಿಗಿಂತ ಐದೋ ಎಂಟೋ ಮೈಲಿ ಮೇಲಿರುವವರು ಇಳಿಜಾರಿನಲ್ಲಿ ಮೈಮರೆತಾಗ ಎಚ್ಚರಿಸಲು ಚೆನ್ನ. ಜಾರ್ಜಿಯಾದಲ್ಲಿ 85 ಮುಟ್ಟಿದರೆ ದಂಡದ ಮೇಲೆ ಇನ್ನೂ 200 ಡಾಲರ್. ಆ ವೇಗದಲ್ಲಿ ಒಂದು ಇನ್‌ಸ್ಟಂಟ್ ಆನ್ ತಗುಲಿದರೆ ಯಂತ್ರದ ಮೂರು ವರ್ಷದ ಲಾಭವೂ ಕೈಬಿಡುತ್ತದೆ.

ಕೊನೆಗೆ, ಬರುವಾಗ ಒಂದು ತಂದುಕೊಡು ಅಂತ ಊರಿಂದ ಫೋನು ಮಾಡುವ ತಮ್ಮಂದಿರಿಗೆ. ನಮ್ಮ ಕಡೆಯ ಇಂಟರ್‌ಸೆಪ್ಟರ್ ವಾಹನಗಳಲ್ಲಿರುವುದು ಲೇಸರ್ ಗನ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿ ಕಾಯುವುದು ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು. ಅಲ್ಲಿ ಇದು ಮುಂದಿನ ಕಾರಿನ ಸೆನ್ಸರ್‌ಗೆ ಕೂಗಿಕೊಂಡು ಕೂತಿರುತ್ತದೆ. ಅದರ ಅರ್ಧ ದುಡ್ಡಿಗೆ ಒಳ್ಳೆಯ ಡ್ಯಾಶ್‌ಕ್ಯಾಮ್ ಬರುತ್ತದೆ, ಅದನ್ನು ಒಯ್ಯಿರಿ.